ಕರೆಂಟು ಹೋದ ದಿನ ಬೆಲ್ಕಿಸ್ ಹತ್ತಿ ಕೂತದ್ದು

ಕ್ರೇನ್ ಓಡಿಸುವವನು ರಾದಾಮೆಸ್. ಓಡುವುದು ಮಾತ್ರ ಅವನ ಹೆಂಡತಿ ಬೆಲ್ಕಿಸಳ ಕೈಸನ್ನೆಯಲ್ಲಿ. ನೆಲದ ಮೇಲೆ ನಿಂತು, ಕ್ರೇನಿನ ತೋಳು ಕರೆಂಟ್ ತಂತಿಯಿಂದ ಎಷ್ಟು ದೂರವಿದೆ ಎಂದು ಕಾಯುವುದಷ್ಟೇ ಅವಳ ಕೆಲಸ. ಅವಳು ಮುಷ್ಟಿ ಎತ್ತಿದರೆ ಅವನು ನಿಲ್ಲಿಸಲೇಬೇಕು. ಹನ್ನೊಂದು ವರ್ಷದಿಂದ ಸಾಂತೊ ದೊಮಿಂಗೊ ನಗರದ ಓಣಿಗಳಲ್ಲಿ ಅವನು ಹೀಗೆ ನಿಲ್ಲಿಸುತ್ತ, ನಿಲ್ಲಿಸಿದಾಗಲೆಲ್ಲ ನಗೆಪಾಟಲಾಗುತ್ತ ಬಂದಿದ್ದಾನೆ. ಅವಳೋ ಅಪ್ಪಟ ಮೊಂಡಿ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿಟ್ಟೆನೆಂದು ಮರೆಯುವವಳು, ಊರಲ್ಲಿ ತಂತಿ ಎಲ್ಲೆಲ್ಲಿ ಜೋತುಬಿದ್ದಿದೆ ಎಂದು ಓಣಿಯ ಹೆಸರು ಸಮೇತ ಹೇಳುತ್ತಾಳೆ.

ಆ ಶನಿವಾರ ದಿನಸಿ ಅಂಗಡಿಯ ದೋನ್ ತಾತಿಕೊ ತನ್ನ ಮೂರನೇ ಮಹಡಿಯ ತಾರಸಿಗೆ ನೀರಿನ ಟ್ಯಾಂಕು ಏರಿಸಲು ಇವರನ್ನು ಕರೆಸಿದ್ದ. ಅಂಗಡಿಯ ನೆತ್ತಿಯ ಮೇಲೇ ತಂತಿ. ಆದರೆ ಬೆಳಗಿನಿಂದ ಕರೆಂಟಿಲ್ಲ. ಅಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಂದರೆ ಮಾತ್ರ ಇಡೀ ಓಣಿ ಹೋ ಎಂದು ಕೂಗುತ್ತದೆ.

"ಹಿಂದಿನ ಗಲ್ಲಿಯಿಂದ ಎತ್ತೋಣ," ಎಂದಳು ಬೆಲ್ಕಿಸ್.

"ಮತ್ತೆ ಸುತ್ತು ಹಾಕಿ, ಮತ್ತೆ ಕ್ರೇನಿನ ಕಾಲೂರಿಸಿ... ಮೂರು ಗಂಟೆ ಹಾಳು ಕಣೇ," ಎಂದ ರಾದಾಮೆಸ್. "ತಂತೀಲಿ ಕರೆಂಟೇ ಇಲ್ವಲ್ಲ."

"ಇಲ್ಲ ಅಂತ ಯಾರು ಹೇಳಿದ್ರು?"

"ನನ್ನ ಫ್ರಿಜ್ಜು ಹೇಳ್ತು ತಾಯಿ," ಎಂದು ದೋನ್ ತಾತಿಕೊ ಬಾಯಿ ಹಾಕಿದ. "ಬಿಯರೆಲ್ಲ ಕಷಾಯ ಆಗಿದೆ."

"ಫ್ರಿಜ್ಜಿನ ಮಾತು ನಂಗೆ ಬೇಡ. ಕಂಪನಿಯೋರು ಬಂದು, ಲೈನ್ ಆಫ್ ಮಾಡಿ, ಅರ್ತ್ ಕೊಟ್ಟು, ಇಲ್ಲ ಅನ್ಲಿ. ಅಲ್ಲೀವರ್ಗೂ ಅದ್ರಲ್ಲಿ ಇದೆ."

ಅಂಗಡಿ ಮುಂದೆ ಡಾಮಿನೊ ಆಡುತ್ತಿದ್ದ ಮುದುಕರಿಗೆ ಇದಕ್ಕಿಂತ ಹಬ್ಬ ಬೇಕೆ? "ರಾದಾಮೆಸ್, ಉಸಿರಾಡೋಕೂ ಇವಳೇ ಸನ್ನೆ ಮಾಡ್ತಾಳೇನೋ?" ಎಂದ ಒಬ್ಬ.

ಆ ಮಾತು ನಾಟಿತು. ರಾದಾಮೆಸ್ ಕಿವಿ ಕೆಂಪಗೆ ಮಾಡಿಕೊಂಡು ಕ್ಯಾಬಿನ್ನು ಹತ್ತಿದ. "ಇವತ್ತು ನಿನ್ನ ಕೈ ಜೇಬಲ್ಲೇ ಇಟ್ಕೊ," ಎಂದು ಇಂಜಿನ್ ಶುರು ಮಾಡಿದ. ಬೆಲ್ಕಿಸ್ ಮುಷ್ಟಿ ಎತ್ತಿದಳು. ಅವನು ಬೇಕೆಂದೇ ಆಚೆ ನೋಡಿದ. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ. ಅವಳಿಗೆ ಸಿಟ್ಟು ಬರಲಿಲ್ಲ, ಭಯವಾಯಿತು.

ಮಾತಾಡಿದ ಮುದುಕನ ಕುಂಡೆಯಡಿಯಿಂದಲೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡಳು, ಅದರ ಮೇಲೆ ಹತ್ತಿ, ಅಲ್ಲಿಂದ ಅಂಗಡಿ ಮುಂದೆ ನೆಲದ ಮೇಲಿದ್ದ ಟ್ಯಾಂಕಿನ ಮೇಲೆ ಹತ್ತಿ, ಲಂಗ ಸರಿಮಾಡಿಕೊಂಡು ಕೂತೇಬಿಟ್ಟಳು.

"ಇಳಿಯೇ!" ರಾದಾಮೆಸ್ ಕಿಟಕಿಯಿಂದ ಕಿರುಚಿದ.

"ಎತ್ತು ಮಾರಾಯ. ನನ್ನೂ ಸೇರಿಸಿ ಎತ್ತು."

"ಇವಳ ತೂಕಕ್ಕೆ ಕ್ರೇನು ತಡೀತದಾ ಕೇಳಿ!" ಎಂದ ದೋನ್ ತಾತಿಕೊ. ಓಣಿ ಬಿದ್ದು ಬಿದ್ದು ನಕ್ಕಿತು. ಹತ್ತು ನಿಮಿಷ ಬೈಗುಳ, ಗೋಗರೆತ, ಮತ್ತೆ ಬೈಗುಳ. ಕ್ರೇನಿನ ತೋಳು ಇನ್ನೂ ತನ್ನ ಲಾರಿಯ ಬೆನ್ನ ಮೇಲೇ ಮಲಗಿತ್ತು.

ಆಗ ಕಂಬದ ಟ್ರಾನ್ಸ್‌ಫಾರ್ಮರು ಫಟ್ ಎಂದು ಕಿಡಿ ಉಗುಳಿತು. ಅಂಗಡಿಯ ರೇಡಿಯೊ ಹಾಡುತ್ತ ಎದ್ದಿತು, ಫ್ರಿಜ್ಜು ಗುರ್ ಎಂದಿತು. "ಬಂತು! ಬಂತು!" ಓಣಿಗೆ ಓಣಿಯೇ ಕೂಗಿತು, ಮುದುಕರು ತಬ್ಬಿಕೊಂಡರು.

ಕೂಗದೆ ಉಳಿದವರು ಇಬ್ಬರೇ. ರಾದಾಮೆಸ್ ತಂತಿಯನ್ನು ನೋಡಿದ. ಆಮೇಲೆ ಲಿವರಿನ ಮೇಲಿದ್ದ ತನ್ನ ಕೈಯನ್ನು ನೋಡಿದ. ಇಂಜಿನ್ ಆರಿಸಿ, ಇಳಿದು, ಟ್ಯಾಂಕಿನ ಹತ್ತಿರ ಬಂದ.

"ಇಳಿ, ಬೆಲ್ಕಿಸ್."

"ಆಗ್ತಿಲ್ಲ ಕಣೋ. ನೀನೇ ಇಳಿಸು."

ಅವನು ಅವಳ ಸೊಂಟ ಹಿಡಿದು ಎತ್ತಿ ಇಳಿಸಿದ. ಇಳಿಸಿದವನು ಬಿಡಲಿಲ್ಲ. ಮುದುಕರು ಸಿಳ್ಳೆ ಹೊಡೆದರು.

"ಬಿಡೋ, ಎಲ್ಲಾ ನೋಡ್ತಿದಾರೆ."

"ನೋಡ್ಲಿ," ಎಂದ. ಆಮೇಲೆ ಇಡೀ ಓಣಿಗೆ ಕೇಳುವಂತೆ ಗಟ್ಟಿಯಾಗಿ ಕೇಳಿದ: "ಕ್ರೇನು ಎಲ್ಲಿ ನಿಲ್ಲಿಸ್ಲಿ, ಹೇಳು."

ಅವಳು ಅವನ ಹೆಗಲ ಮೇಲಿಂದ ಕೈ ಚಾಚಿ ಹಿಂದಿನ ಗಲ್ಲಿ ತೋರಿಸಿದಳು.