ಪೀಪಾಯಿ ಪಂಪಣ್ಣ

ಚಿತ್ತವಾಡ್ಗಿಯಲ್ಲಿ ಪಂಪಣ್ಣನ ಮನೆ ಯಾವುದೆಂದು ಕೇಳಿ ನೋಡಿ, "ಯಾವ ಪಂಪಣ್ಣ? ಪೀಪಾಯಿ ಪಂಪಣ್ಣನಾ?" ಎನ್ನುತ್ತಾರೆ. ಹನಿ ಹೆಂಡ ಕುಡಿದವನಲ್ಲ ಆ ಮನುಷ್ಯ. ಆದರೂ ಸಂಜೆ ಅವನು ಆಟೊ ಹತ್ತಿದರೆ ಪಕ್ಕದವರು ಮೂಗು ಮುಚ್ಚಿ ಸರಿದು ಕೂರುತ್ತಿದ್ದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಜನ ಇದು. ಇವನ ಮೈಯಂತೂ ನಿಜಕ್ಕೂ ನಾರುತ್ತಿತ್ತು, ಬಿಟ್ಟಾರೆಯೇ?

ಅಪ್ಪನ ಕಾಲಕ್ಕೆ ಅವರದು ಎತ್ತಿನ ಗಾಡಿಯ ಗಾಲಿ ಮಾಡುವ ಮನೆ. ಗಾಡಿಗಳು ಹೋದವು, ಕಬ್ಬಿಣದ ಪಟ್ಟಿ ಬಿಗಿಯುವ ಕೈ ಮಾತ್ರ ಉಳಿಯಿತು. ಮರಿಯಮ್ಮನಹಳ್ಳಿ ಕಡೆಯ ಮದ್ಯದ ಕಾರ್ಖಾನೆಯೊಂದಕ್ಕೆ ಅಂಥ ಕೈಯೇ ಬೇಕಿತ್ತು. ಎಲ್ಲೆಲ್ಲೋ ವೈನ್ ತುಂಬಿಟ್ಟು ಹಳತಾದ ಓಕ್ ಮರದ ಪೀಪಾಯಿಗಳು ಅಲ್ಲಿಗೆ ಲಾರಿಯಲ್ಲಿ ಬರುತ್ತಿದ್ದವು. ಪಂಪಣ್ಣ ಒಂದು ಬದಿಯ ಮುಚ್ಚಳ ಬಿಚ್ಚಿ, ತಲೆ ಒಳಗೆ ತೂರಿಸಿ ಮರದ ಹಳೆ ಪದರ ಕೆರೆಯುತ್ತಿದ್ದ. ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಸುಡುತ್ತಿದ್ದ. ಹಲಗೆಗಳ ಸಂದಿಗೆ ಕಾಲುವೆ ದಂಡೆಯ ಜೊಂಡು ತುರುಕಿ ಪಟ್ಟಿ ಬಿಗಿದರೆ ಹನಿ ಸೋರುತ್ತಿರಲಿಲ್ಲ. ಆಮೇಲೆ ಅದಕ್ಕೆ ವಿಸ್ಕಿ, ವಿಸ್ಕಿ ಮುಗಿದ ಮೇಲೆ ಬಿಯರ್. ಮರ ಒಮ್ಮೆ ಕುಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ, ಆ ರುಚಿಗಾಗಿಯೇ ಮತ್ತೆ ಮತ್ತೆ ತುಂಬುವುದು. ಪಂಪಣ್ಣನ ಅಂಗಿಯೂ ಅದೇ ವಾಸನೆ ಹೊತ್ತು ಮನೆಗೆ ಬರುತ್ತಿತ್ತು.

ಬಂದರೆ ಬರಲಿ ಅನ್ನಬಹುದಿತ್ತು, ಒಬ್ಬನೇ ಮಗ ಮಲ್ಲಿಕಾರ್ಜುನ್ ಕುಡಿದೂ ಕುಡಿದೂ ಸಾಯದೆ ಇದ್ದಿದ್ದರೆ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ ಹುಡುಗ, ಇಪ್ಪತ್ತೇಳಕ್ಕೇ ಲಿವರ್ ಕೆಟ್ಟು ಹೋಗಿಬಿಟ್ಟ. ಅಯ್ಯೋ, ಆ ವಯಸ್ಸೇನು, ಆ ಸಾವೇನು!

ಅಂದಿನಿಂದ ಪಂಪಣ್ಣನ ಹೆಂಡತಿ ಭರಮಮ್ಮ ಗಂಡನ ಎದುರು ಕೂತು ಉಣ್ಣುವುದನ್ನು ಬಿಟ್ಟಳು. ಅವನು ಬಂದೊಡನೆ ತಟ್ಟೆ ಇಟ್ಟು ಒಳಗೆ ಹೋಗುವಳು. ಉಳಿದ ಬಟ್ಟೆಯೆಲ್ಲ ಒಗೆದರೂ ಗೂಟದಲ್ಲಿದ್ದ ಅವನ ಕೆಲಸದ ಅಂಗಿಯನ್ನು ಮಾತ್ರ ನೀರಿಗೆ ಹಾಕುತ್ತಿರಲಿಲ್ಲ. ಹೀಗೇ ಮೂರು ವರ್ಷ.

"ಮಗನ್ನ ತಿಂದ ನಾತ ನನ್ನ ಮೈಯಾಗೈತಿ. ಆಕಿ ಹೆಂಗ ಸಹಿಸ್ಯಾಳು, ದುರ್ಗಕ್ಕ?" ಎಂದು ಒಮ್ಮೆ ಪಂಪಣ್ಣ ಪಕ್ಕದ ಮನೆಯವಳ ಮುಂದೆ ಕಣ್ಣೀರು ಹಾಕಿದ.

"ಬಾಯಿ ಬಿಟ್ಟು ಆಕಿನ್ನೇ ಕೇಳೋ ತಮ್ಮಾ," ಎಂದಳು ದುರ್ಗಕ್ಕ.

ಕೇಳಿದನೇ? ಇಲ್ಲ. ಗಂಡಸರ ಬಾಯಿ ಬೇಡದ್ದಕ್ಕೆಲ್ಲ ತೆರೆಯುತ್ತದೆ, ಇಂಥದ್ದಕ್ಕೆ ಹೊಲಿದುಕೊಳ್ಳುತ್ತದೆ. ಹೆಂಡತಿ ಮತ್ತೆ ತನ್ನ ಪಕ್ಕ ಕೂರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅದಕ್ಕಾಗಿ ಅಪ್ಪನಿಂದ ಬಂದ ವಿದ್ಯೆಯನ್ನೇ ಬಿಡಲು ನಿರ್ಧರಿಸಿದ. ಅಣೆಕಟ್ಟಿನ ಹತ್ತಿರ ವಾಚ್‌ಮನ್ ಕೆಲಸ ಹಿಡಿದುಕೊಂಡ. ತನ್ನ ಜಾಗಕ್ಕೆ ಬಂದ ಹೊಸಬನಿಗೆ ಒಂದು ತಿಂಗಳು ಕೆಲಸ ಕಲಿಸಿದ. ಕೊನೆಯ ದಿನ, ಪೀಪಾಯಿ ಸುಡುವ ಬೆಂಕಿಗೆ ಮೈಮೇಲಿನದು, ಗೂಟದಿಂದ ತಂದದ್ದು, ಎರಡೂ ಕೆಲಸದ ಅಂಗಿ ಹಾಕಿದ. ಕಾಲುವೆಯಲ್ಲಿ ಸಾಬೂನು ಸವೆಯುವ ತನಕ ಮೈ ತಿಕ್ಕಿ, ಹೊಸ ಅಂಗಿ ತೊಟ್ಟು ಮನೆಗೆ ಬಂದ.

"ಭರಮಿ, ಬಾ ಇಲ್ಲಿ. ಆ ಕೆಲಸ ಬಿಟ್ಟು ಬಂದೀನಿ. ಇನ್ನ ಆ ನಾತ ಈ ಮನಿಗೆ ಬರಂಗಿಲ್ಲ."

ಭರಮಮ್ಮ ಒಲೆ ಮುಂದಿನಿಂದ ಎದ್ದು ಬಂದಳು. ಗೂಟದ ಕಡೆ ನೋಡಿದಳು.

"ಮುಂಜಾನಿಂದ ಗೂಟದಾಗ ಅಂಗಿ ಇಲ್ಲ, ಎಲ್ಲೈತ್ರೀ?"

"ಎರಡೂ ಸುಟ್ಟು ಹಾಕೀನಿ."

ಅವಳು ಅಲ್ಲೇ ಕುಸಿದು ಕೂತಳು. "ಯಾರು ಸುಡು ಅಂದ್ರು ನಿಮಗ? ನೀವು ಕೆಲಸಕ್ಕ ಹೋದ ಮ್ಯಾಲ ದಿನಾ ಆ ಅಂಗಿ ಮಾರಿಗೆ ಹಿಡಕೊಂಡು ಕುಂದ್ರತಿದ್ದೆ. ನನ್ನ ಮಲ್ಲಿ ಡ್ಯೂಟಿ ಮುಗಿಸಿ, ಕುಡಕೊಂಡು ಬಂದು ಬಾಗಿಲಾಗ ನಿಂತಂಗ ಆಗ್ತಿತ್ತು. ಅದಕ್ಕ ಅದನ್ನ ಒಗೀತಿರಲಿಲ್ಲ ನಾನು."

"ಮತ್ತ ನನ್ನ ಮುಂದ ಯಾಕ ಕುಂದ್ರತಿರಲಿಲ್ಲ?"

"ಆ ವಾಸನಿ ಬಂದ ಕೂಡ್ಲೇ ಅಳು ಬರ್ತಿತ್ರೀ. ನೀವು ದುಡಿದು ದಣಿದು ಬರ್ತಿದ್ರಿ, ಉಣ್ಣೋ ಹೊತ್ನ್ಯಾಗ ನಿಮ್ಮನ್ನ ಯಾಕ ಅಳಸ್ಲಿ ಅಂತ ಒಳಗ ಹೋಗ್ತಿದ್ದೆ."

ಪಂಪಣ್ಣ ಅವಳ ಪಕ್ಕ ಕೂತ. ಮೂರು ವರ್ಷದ ಮೇಲೆ ಭರಮಮ್ಮ ಅವನನ್ನು ಹಿಡಿದುಕೊಂಡಳು. ಅವನ ಎದೆಗೆ, ತೋಳಿಗೆ, ಕೊರಳಿಗೆ ಮುಖ ಒತ್ತಿ ಒತ್ತಿ ಉಸಿರೆಳೆದಳು. ಎಲ್ಲಿ ಎಳೆದರೂ ಬರೀ ಸಾಬೂನಿನ ಪರಿಮಳವೇ ಬಂತು.