ಕಲ್ಲು ಮೊದಲು, ಮರಳು ಆಮೇಲೆ

ಅವರ ಎಡಗೆನ್ನೆಯ ಮೇಲೆ ಸದಾ ಒಂದೆರಡು ಹೊಸ ಗೀರುಗಳಿರುತ್ತಿದ್ದವು. ಕ್ಷೌರದ ಗಾಯವಲ್ಲ. ಮೇಟಗಳ್ಳಿಯ ಆ ಗಾಜಿನಂಗಡಿಯ ಯಜಮಾನರು ತಾವು ಮಾಡಿದ ಪ್ರತಿ ಪೆಟ್ಟಿಗೆಯೊಳಗೆ ತಲೆ ತೂರಿಸಿ, ಅಂಚು, ಮೂಲೆ, ಜಾಲರಿಗೆಲ್ಲ ಕೆನ್ನೆ ಸವರಿ ನೋಡುತ್ತಿದ್ದರು.

“ಕೈ ಒರಟಾಗ್ಬುಟ್ಟಿದೆ ಕಣಮ್ಮ, ಅದಕ್ಕೇನೂ ಗೊತ್ತಾಗಲ್ಲ. ಕೆನ್ನೆಗೆ ಚುಚ್ಚಿದ್ದು ಅದರ ಮೂತಿಗೂ ಚುಚ್ಚುತ್ತೆ.”

ಅದು ಎಂದರೆ ನನ್ನ ಸಾಕು ಓತಿಕ್ಯಾತ. ಗಂಟಲಡಿ ಮುಳ್ಳುಗಡ್ಡವಿದ್ದ ಪರದೇಶದ ತಳಿ. ಅದಕ್ಕೊಂದು ಗಾಜಿನ ಪೆಟ್ಟಿಗೆ ಬೇಕೆಂದರೆ ಬೇರೆ ಅಂಗಡಿಯವರು ನಕ್ಕು ಕಳಿಸಿದ್ದರು. ಇವರೂ ನಕ್ಕರು. “ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ. ನೀವು ಬೇಲಿನೇ ಬಿಡಿಸ್ಬುಟ್ರಲ್ಲಮ್ಮ!” ನಕ್ಕವರು ವಾರವಿಡೀ ಕೂತು ಪೆಟ್ಟಿಗೆ ಮಾಡಿದರು. ಬಿಸಿ ಬಲ್ಬಿಗೆ ಮೈ ಸುಟ್ಟುಕೊಳ್ಳದಂತೆ ಅದರ ಸುತ್ತ ಒಂದು ಗೂಡು, ಉಗುರು ಸಿಕ್ಕಿಕೊಳ್ಳದಷ್ಟು ಸಣ್ಣ ಕಣ್ಣಿನ ಜಾಲರಿ. ಕೊಡುವಾಗ ಎರಡೆರಡು ಸಲ ಹೇಳಿದರು: “ಅದು ಮೈ ಕಾಯಿಸ್ಕೊಳ್ಳೋ ಚಪ್ಪಡಿ ಕಲ್ಲು ಮೊದ್ಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲಿಟ್ರೆ ಅಡೀಲಿ ತೋಡುತ್ತೆ, ಕಲ್ಲು ಕುಸಿದು ಮೈಮೇಲೆ ಬೀಳುತ್ತೆ.”

ಆಯುಧಪೂಜೆಗೆ ಸ್ಕೂಟರಿನಿಂದ ಈಳಿಗೆಮಣೆಯವರೆಗೆ ಎಲ್ಲ ತೊಳೆದವಳು ಪೆಟ್ಟಿಗೆಯನ್ನೂ ತೊಳೆದೆ. ಹೊಸ ಮರಳು ಸುರಿದು ಸಮ ಮಾಡಿದ ಮೇಲೆ ಅವರ ಮಾತು ನೆನಪಾಯಿತು. ಮತ್ತೆ ಅಷ್ಟೂ ಮರಳು ತೆಗೆಯಬೇಕಲ್ಲ ಎಂಬ ಸೋಮಾರಿತನ. ಹಬ್ಬ ಮುಗಿಯಲಿ ಎಂದು ಕಲ್ಲನ್ನು ಮೇಲೆಯೇ ಇಟ್ಟು, ಗಾಜಿಗೆ ವಿಭೂತಿ, ಕುಂಕುಮ ಹಚ್ಚಿದೆ. ಮರುದಿನ ಬೆಳಿಗ್ಗೆ ಅದು ಕಲ್ಲಿನಡಿ ಸಿಕ್ಕಿಕೊಂಡಿತ್ತು. ಜೀವವಿತ್ತು, ಹಿಂಗಾಲುಗಳಲ್ಲಿ ಮಾತ್ರ ಇರಲಿಲ್ಲ. ಡಾಕ್ಟರು ಬೆನ್ನು ಮುಟ್ಟಿ ನೋಡಿ ತಲೆಯಾಡಿಸಿದರು.

ಸುದ್ದಿ ಕೇಳಿ ಯಜಮಾನರು ಕೆಸರೆಯ ನಮ್ಮ ಮನೆಗೆ ಬಂದರು. ಪೆಟ್ಟಿಗೆಯ ಮುಂದೆ ಕೂತು ಕೇಳಿದರು: “ಈಚೆಗೆ ಮರೆವು ಜಾಸ್ತಿ ಕಣಮ್ಮ. ಕಲ್ಲು ಮೊದ್ಲು ಅಂತ ನಿಮಗೆ ಹೇಳಿದ್ನೋ, ಇಲ್ವೋ?”

“ನೆನಪಿಲ್ಲ ಯಜಮಾನ್ರೇ,” ಎಂದೆ. ಹೇಡಿ ನಾನು.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ಹೇಳಿರಲ್ಲ ಬುಡಿ. ಹೇಳಿದ್ರೆ ನೀವು ಅಂಗೆ ಮಾಡೋರಲ್ಲ.”

ಆಮೇಲೆ ಅವರು ಪ್ರಾಣಿಗಳ ಪೆಟ್ಟಿಗೆ ಮಾಡುವುದನ್ನೇ ಬಿಟ್ಟರು. ಕೇಳಿ ಬಂದವರಿಗೆ, “ಮರೆಯೋನು ಜೀವ ಇರೋದಕ್ಕೆ ಮನೆ ಕಟ್ಬಾರ್ದು,” ಎನ್ನುತ್ತಿದ್ದರು. ಕಿಟಕಿಯ ಗಾಜು ಕತ್ತರಿಸಿಕೊಂಡು ಕೂತರು. ನಿಜ ಹೇಳಲೆಂದೇ ಮೂರು ಸಲ ಹೋದೆ. ಮೂರು ಸಲವೂ ಅವರು ತರಿಸಿದ ಟೀ ಕುಡಿದು ಬಂದೆ. ಕಾರ್ತಿಕದಲ್ಲಿ ಓತಿಕ್ಯಾತ ಸತ್ತಿತು. ಬೇಸಿಗೆಯಲ್ಲಿ ಅವರೂ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ನಿಮ್ಮ ಪ್ರಾಣಿದೇ ಕೊರಗು ಕಣಮ್ಮ ಅವರಿಗೆ. ಹೇಳೋಕೆ ಮರ್ತ್ಬುಟ್ಟೆ, ಹೇಳೋಕೆ ಮರ್ತ್ಬುಟ್ಟೆ ಅಂತ ಕೊನೇವರೆಗೂ ಅಂತಿದ್ರು.”

ಆಕೆಗಾದರೂ ಹೇಳಬಹುದಿತ್ತು. ಹಾರ ಇಟ್ಟು, ಕೈಮುಗಿದು, ಮನೆಗೆ ಬಂದೆ.