ಫೋಟೋಗೆ ಮುಂಚಿನ ಬೆಳಕು

ನನ್ನ ಕ್ಯಾಮೆರಾದಲ್ಲಿ ಎರಡು ಬೆಳಕುಗಳಿವೆ. ಒಂದು ಫ್ಲ್ಯಾಷ್. ಹೇಳದೆ ಕೇಳದೆ ಬಂದ ನೆಂಟನಂತೆ ಒಮ್ಮೆಲೇ ನುಗ್ಗಿ ಎಲ್ಲರ ಕಣ್ಣು ಕುಕ್ಕುತ್ತದೆ. ಇನ್ನೊಂದು, ಮೂಲೆಯ ಸಣ್ಣ ಕಿತ್ತಳೆ ದೀಪ. ಮಬ್ಬಿನಲ್ಲಿ ಗುಂಡಿಯನ್ನು ಅರ್ಧ ಒತ್ತಿದರೆ ಹೊತ್ತಿಕೊಳ್ಳುತ್ತದೆ, ಫೋಕಸ್ ಮಾಡಲು ಕ್ಯಾಮೆರಾಕ್ಕೆ ನೆರವಾಗಿ, ಫೋಟೋ ಬೀಳುವ ಮೊದಲೇ ಆರಿಹೋಗುತ್ತದೆ. ಹಿಂದೆ ಮನೆಯ ಹಿರಿಯರು ಒಳಗೆ ಬರುವ ಮುನ್ನ ಬಾಗಿಲಲ್ಲಿ ಕೆಮ್ಮುತ್ತಿದ್ದರಲ್ಲ, ಅಂಥ ಮರ್ಯಾದಸ್ಥ ಬೆಳಕು ಅದು. ಅದರ ಪರಿಚಯವಾದದ್ದು ಬೂದಿಗೆರೆ ಪಕ್ಕದಲ್ಲಿರುವ ನಮ್ಮ ಅತ್ತೆಯ ಹುಳದ ಮನೆಯಲ್ಲಿ.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕಿದವರು. ಮಂಡಿ ನೋವು ಹೆಚ್ಚಾಗಿ, ಈ ಬೆಳೆಯೇ ಕೊನೆ ಎಂದುಬಿಟ್ಟಿದ್ದರು. ಆಧಾರ್ ಕಾರ್ಡಿನಲ್ಲಿ ಗಾಬರಿಯಿಂದ ನೋಡುತ್ತಿರುವುದನ್ನು ಬಿಟ್ಟರೆ ಅವರದೊಂದು ನೆಟ್ಟಗಿನ ಫೋಟೋ ಇಲ್ಲ.

"ಹುಳದ ಮನೇಲಿ ಅಮ್ಮ ನಮ್ಮ ಕಡೆ ನೋಡ್ತಿರೋದು ಒಂದೇ ಒಂದು ತೆಗೀರಿ, ಸಾಕು. ಇನ್ನೊಂದ್ಸಲ ಸಿಗಲ್ಲ" ಎಂದಳು ಹೆಂಡತಿ. ಹೊಸ ಕ್ಯಾಮೆರಾ ಕೊಂಡ ಗಂಡನಿಗೆ ಇಂಥ ಗೌರವ ಅಪರೂಪ. ಕುತ್ತಿಗೆಗೆ ನೇತುಹಾಕಿಕೊಂಡು ಒಬ್ಬನೇ ಹೊರಟೆ.

ಹೊರಗೆ ಸುಡುವ ಮಧ್ಯಾಹ್ನ. ಒಳಗೆ, ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು ಮಾಡಿಕೊಂಡ ತಂಪು ಮಬ್ಬು. ಹಣ್ಣಾದ ಹುಳುಗಳನ್ನು ಅತ್ತೆ ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದರು. ಈ ಹೊತ್ತಿನಲ್ಲಿ ಹುಳುವಿಗೆ ಜೋರು ಬೆಳಕು ಆಗದು. ಕತ್ತಲಿರುವ ಕಡೆಗೆ ಸರಿದು ಗುಂಪುಗೂಡಿಬಿಡುತ್ತದೆ. ಮಬ್ಬಿದ್ದರೆ ಫ್ಲ್ಯಾಷ್ ಬಳಸಿ ಎಂದು ಕ್ಯಾಮೆರಾದ ಪುಸ್ತಕದಲ್ಲಿ ಬರೆದವರು ಖಂಡಿತ ರೇಷ್ಮೆ ಸಾಕಿದವರಲ್ಲ.

"ಅಳಿಯಂದ್ರೇ, ಮಿಂಚು ಹೊಡೆಯೋದೆಲ್ಲ ಬ್ಯಾಡಿ. ಹುಳ ಬೆದರ್ತವೆ" ಎಂದರು ಅತ್ತೆ.

ಫ್ಲ್ಯಾಷ್ ಬಂದ್ ಮಾಡಿ, ಕಂಬಕ್ಕೆ ಒರಗಿ, ಗುಂಡಿ ಅರ್ಧ ಒತ್ತಿದೆ. ಕಿತ್ತಳೆ ದೀಪ ಹೊತ್ತಿತು. ಅತ್ತೆ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿ ನಿಂತರು. ಮೂಗುತಿ, ಹಣೆಯ ಕುಂಕುಮ, ಒಂದಿಷ್ಟು ನಾಚಿಕೆ, ತುಟಿಯಂಚಿನಲ್ಲಿ ನಗು. ಸುತ್ತಲಿನದೆಲ್ಲ ಕರಗಿ ಆ ಮುಖವೊಂದೇ ಮಬ್ಬಿನಲ್ಲಿ ತೇಲುತ್ತಿತ್ತು. ಇವರು ಇಷ್ಟು ಚೆಂದವಿದ್ದಾರೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ದೀಪ ಆರಿತು. "ಆಯ್ತಲ್ಲ?" ಎಂದು ಅತ್ತೆ ಹುಳುಗಳತ್ತ ತಿರುಗಿದರು. ಫೋಟೋ ಬಿದ್ದದ್ದು ಆಗ.

"ಇಲ್ಲ ಅತ್ತೆ, ಅದು ಬರೀ ಫೋಕಸ್ ದೀಪ. ಫೋಟೋ ಆಮೇಲೆ."

"ಬೆಳಕು ಹೋದ್ಮೇಲೆ ಅದೆಂಥ ಫೋಟೋ ಬತ್ತದೆ!" ಎಂದು ನಕ್ಕರು.

ನಾನು ಹೇಳಿದ್ದು ಅವರಿಗೆ ಅರ್ಥವಾಗಿತ್ತು, ಅವರ ಕೈಗೆ ಅರ್ಥವಾಗಲಿಲ್ಲ. ಹಣ್ಣಾದ ಹುಳು ಕಾಯುವುದಿಲ್ಲ. ಎಷ್ಟು ಸಲ ಒತ್ತಿದರೂ ಅದೇ ಕಥೆ. ದೀಪ ಇರುವಷ್ಟು ಹೊತ್ತು ನನ್ನವರು, ಆರಿದ ಕೂಡಲೇ ಹುಳುವಿನವರು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ, ಚಂದ್ರಿಕೆಯ ಒಂದೊಂದು ಎಳೆಯೂ ಸ್ಪಷ್ಟ. ಅತ್ತೆ ಮಾತ್ರ ಅಲುಗಿ ಮಸುಕು, ಎಲ್ಲದರಲ್ಲೂ ಆ ಕಡೆ ತಿರುಗಿದವರು. ಬೈಸಿಕೊಳ್ಳಲು ತಯಾರಾದೆ. ಹೆಂಡತಿ ಬಹಳ ಹೊತ್ತು ನೋಡಿದಳು.

"ನಾನು ಸ್ಕೂಲಿಂದ ಬಂದಾಗ ಅಮ್ಮ ಹೀಗೇ ಕಾಣೋಳು ಕಣ್ರೀ. ತಿರುಗಿ ನೋಡ್ತಾಳಾ ಅಂತ ಬಾಗಿಲಲ್ಲೇ ನಿಂತಿರ್ತಿದ್ದೆ."

"ಇವತ್ತು ನೋಡಿದ್ರು ಕಣೇ. ಪ್ರತಿ ಸಲಾನೂ."

"ಹೌದಾ? ಹೇಗಿದ್ಲು?"

ನಾನು ಕಂಪ್ಯೂಟರ್ ಮುಚ್ಚಿ, ಮೂಗುತಿಯಿಂದ ಶುರುಮಾಡಿದೆ.